ಸೊನ್ನೆಯಿಂದ ಎಣಿಸುತ್ತಿದ್ದ ಅಕ್ಕೋರು

ಕೊಟ್ಟೂರಿನಲ್ಲಿ ಯಾರು ತೀರಿಕೊಂಡರೂ ಆ ಸಂಗತಿಯನ್ನು ಊರಿಗೆ ಅಧಿಕೃತವಾಗಿ ತಿಳಿಸುವ ಹೊಣೆ ಮೂವತ್ತು ವರ್ಷಗಳಿಂದ ನನ್ನ ಮೇಲಿದೆ. ನಾನು ವೈದ್ಯನಲ್ಲ, ಜಂಗಮನಲ್ಲ, ಪಂಚಾಯ್ತಿಯ ಗುಮಾಸ್ತನೂ ಅಲ್ಲ. ಮುದ್ರಕ. ಶಿವಗಣಾರಾಧನೆಯ ಕಾರ್ಡು ಪ್ರೆಸ್ಸಿನಿಂದ ಹೊರಬೀಳುವವರೆಗೆ ಸತ್ತವರು ಪೂರ್ತಿ ಸತ್ತಂತಲ್ಲ ಎಂಬ ನಂಬಿಕೆ ಊರಿನಲ್ಲಿ ಇದೆಯೋ ಇಲ್ಲವೋ, ನನ್ನಲ್ಲಿ ಇದೆ.

ಹೋದ ತಿಂಗಳು ಅಕ್ಕೋರು ತೀರಿಕೊಂಡಾಗ ಅವರ ತಮ್ಮ ಕಾರ್ಡಿನ ಮಜಕೂರು ಹಿಡಿದುಕೊಂಡು ಬಂದರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಊರಲ್ಲಿ ಇಪ್ಪತ್ತು ಅಕ್ಕೋರು ಇದ್ದರೂ, ಮುಂದೆ ಹೆಸರು ಹಚ್ಚದೆ ಬರೀ ‘ಅಕ್ಕೋರು’ ಎಂದರೆ ಮಂಡಕ್ಕಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು ಎಂದೇ ಅರ್ಥ. ಕಾರ್ಡಿನ ಮಾತು ಮುಗಿದ ಮೇಲೂ ಅಕ್ಕೋರ ತಮ್ಮ ಪ್ರೆಸ್ಸಿನ ಹೊಸ್ತಿಲಲ್ಲೇ ನಿಂತರು.

“ಇನ್ನೊಂದು ಕೆಲಸ ಐತ್ರಿ. ಅಕ್ಕನ ಕಡಿ ಕಂಪ್ಯೂಟರ್ ಕಲ್ತೋರಿಗೆಲ್ಲ ಸುದ್ದಿ ಮುಟ್ಟಬೇಕು. ಪಟ್ಟಿ ನಿಮ್ಮ ಕಂಪ್ಯೂಟರಿನ್ಯಾಗ ಐತಿ ಅಂತಿದ್ಲು.”

“ಐತಿ.”

“ಯಾರೂ ಬಿಟ್ಟು ಹೋಗಬಾರದು ನೋಡ್ರಿ.”

ಅವರು ಸಹಜವಾಗಿಯೇ ಹೇಳಿದರು. ನನಗೆ ಅದು ಹಾಗೆ ಕೇಳಿಸಲಿಲ್ಲ. ಹಿಂದೊಮ್ಮೆ ಇದೇ ಎರಡು ಕೈಗಳಿಂದ ನಾನು ಇಪ್ಪತ್ತಾರು ಜನರನ್ನು ಬಿಟ್ಟವನು. ಅವರನ್ನು ಹುಡುಕಿ ತರಲು ಅಕ್ಕೋರು ಪಟ್ಟ ಪಾಡು ಅವರ ತಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಕೆಲಸ ನನಗೇ ಕೊಟ್ಟರು ಎನ್ನುವುದನ್ನು ಆ ಮನೆತನದ ಸ್ವಭಾವ ಎಂದು ತಿಳಿಯಬೇಕು.

ಅಕ್ಕೋರು ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರ್‌ಗಳ ಕಾಲ ಮುಗಿದಾಗ ಅವನ್ನು ಗುಜರಿಗೆ ಹಾಕಿ, ಅದೇ ಮೇಜುಗಳ ಮೇಲೆ ಆರು ಹಳೆಯ ಕಂಪ್ಯೂಟರ್ ಕೂಡಿಸಿದರು. ಐವತ್ತು ದಾಟಿದ ವಯಸ್ಸಿನಲ್ಲಿ, ವೆಬ್ ಪುಟ ಕಟ್ಟುವ ವಿದ್ಯೆಯನ್ನು ಯಾರ ಹಂಗೂ ಇಲ್ಲದೆ ಪರದೆಯೊಂದಿಗೆ ಜಗಳವಾಡಿ ಕಲಿತರು. ಟೈಪಿಂಗಿನ ಶಿಸ್ತು ಮಾತ್ರ ಹೋಗಲಿಲ್ಲ. ಮೌಸ್ ಹಿಡಿಯುವುದು ಸೋಮಾರಿಗಳ ಲಕ್ಷಣ ಎಂದು ಅವರ ಅಭಿಪ್ರಾಯ. ಮೊದಲ ತಿಂಗಳು ಆರೂ ಮೌಸ್‌ಗಳನ್ನು ಅವುಗಳ ವೈರಿನಿಂದಲೇ ಸುತ್ತಿ ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದರು. ಕೆಳಗಿನ ಮಂಡಕ್ಕಿಯವನು ಒಮ್ಮೆ ತಲೆಯೆತ್ತಿ ನೋಡಿ, ಮೇಲೆ ಇಲಿಗಳ ಕಾಟ ಹೆಚ್ಚಾಗಿ ಉಳಿದವಕ್ಕೆ ಭಯ ಹುಟ್ಟಿಸಲು ಹೀಗೆ ಕಟ್ಟಿದ್ದಾರೆಂದು ಗಿರಾಕಿಗಳಿಗೆ ವಿವರಿಸಿದನಂತೆ.

ಬಲಗಿವಿಯ ಮೇಲೆ ಸೀಮೆಸುಣ್ಣ, ಎಡಗೈಯಲ್ಲಿ ಹುರಿದ ಶೇಂಗಾ. ಪುಟ ತೆರೆದುಕೊಳ್ಳಲು ತಡವಾದರೆ ಒಂದು ಕಾಯಿ ಒಡೆಯುವರು. ನಮ್ಮೂರಿನ ಇಂಟರ್ನೆಟ್ಟಿನ ವೇಗವನ್ನು ಅವರ ಮೇಜಿನ ಮೇಲಿನ ಸಿಪ್ಪೆಯ ರಾಶಿಯಿಂದ ಅಳೆಯಬಹುದಿತ್ತು. ಹೊಗಳುವ ಅಭ್ಯಾಸ ಇರಲಿಲ್ಲ. ಯಾರಾದರೂ “ಸುಮಾರು ಮುಗೀತ್ರಿ ಅಕ್ಕೋರ” ಎಂದರೆ ಕೆಂಡವಾಗುತ್ತಿದ್ದರು. “ಸುಮಾರು ಅನ್ನೋದು ಯಾವ ನಂಬರು? ಎಷ್ಟು ಉಳೀತು ಅದನ್ನ ಹೇಳು.” ದಿನದ ಪಾಠ ಮುಗಿಯುವುದೂ ಇದೇ ಪ್ರಶ್ನೆಯಿಂದಲೇ. “ಎಷ್ಟು ಉಳೀತು?” ಎಂದು ಅವರು ಕೇಳಬೇಕು, “ಸೊನ್ನಿರಿ” ಎಂದು ನಾವು ಹೇಳಬೇಕು, ಆಮೇಲೆ ಚಪ್ಪಲಿ ಹಾಕಿಕೊಳ್ಳಬೇಕು. ಸೊನ್ನೆ ಆಗದವರಿಗೆ ಚಪ್ಪಲಿಯ ಯೋಗವಿರಲಿಲ್ಲ.

ನಾನು ಆ ಮೆಟ್ಟಿಲು ಹತ್ತಿದ್ದು ಪ್ರೆಸ್ಸಿನ ಅಚ್ಚುಮೊಳೆಗಳಿಗೆ ಧೂಳು ಹಿಡಿದಾಗ. ಲಗ್ನಪತ್ರಿಕೆಗಳು ಒಂದೊಂದಾಗಿ ಫೋನಿನೊಳಗೆ ಹೋಗಿ ಸೇರಿಕೊಂಡವು. ಅವು ಹೋದಲ್ಲಿಗೆ ನಾನೂ ಹೋಗಬೇಕಲ್ಲ ಎಂದು ಅಕ್ಕೋರ ವೆಬ್ ಪುಟದ ಕ್ಲಾಸಿಗೆ ಹೆಸರು ಹಚ್ಚಲು ಹೋದೆ. ಆ ಕ್ಲಾಸು ಅವತ್ತಷ್ಟೇ ಶುರುವಾಗುವುದಿತ್ತು. ಮೊದಲು ಬಂದವನು ನಾನೇ. ಅಕ್ಕೋರು ಹೊಸ ರಿಜಿಸ್ಟರ್ ತೆಗೆದು, ನನ್ನ ಹೆಸರು ಬರೆದು, ಅದರ ಮುಂದೆ ದುಂಡಗೆ ಒಂದು ಸೊನ್ನೆ ಸುತ್ತಿದರು.

“ಇದೇನ್ರಿ ಅಕ್ಕೋರ, ನನ್ನ ಹೆಸರಿನ ಮುಂದ ಸೊನ್ನಿ ಹಾಕೀರಿ?”

“ಮೊದಲ ಬಂದೋರು ನೀವು. ಮೊದಲನೇದಕ್ಕ ಸೊನ್ನಿ.”

“ಊರಾಗ ನಾಕು ಮಂದಿ ಮರ್ಯಾದಿ ಕೊಡೋ ಮನುಷ್ಯಾ ನಾನು.”

“ಮೆಟ್ಲ ಹತ್ತಿ ಬಂದ್ರಲ್ಲ, ಎಲ್ಲಿಂದ ಹತ್ತಿದ್ರಿ?”

“ನೆಲದಿಂದ.”

“ನೆಲ ಎಷ್ಟನೇ ಮೆಟ್ಲ?”

“ನೆಲ ಮೆಟ್ಲ ಹೆಂಗಾಗತೈತ್ರಿ?”

“ಅದಕ್ಕ ಸೊನ್ನಿ ಅನ್ನೋದು. ಅದು ಇಲ್ದಿದ್ರ ಉಳಿದ ಮೆಟ್ಲ ಯಾವುದರ ಮ್ಯಾಲ ನಿಂದರ್ತಾವು? ಕುಂದರ್ರಿ.”

ನನ್ನ ನಂತರ ಬಂದ ಹುಡುಗಿಯರಿಗೆ ಒಂದು, ಎರಡು ಸಿಕ್ಕವು. ವಾರ ಕಳೆಯುವುದರಲ್ಲಿ ನಾನು ಆ ಮಾಳಿಗೆಯಲ್ಲಿ ‘ಸೊನ್ನಿ ಕಾಕಾ’ ಆದೆ. ಲಗ್ನಪತ್ರಿಕೆಗಳಲ್ಲಿ ಎಷ್ಟೋ ಜನಕ್ಕೆ ಬಿರುದುಗಳನ್ನು ಹಚ್ಚಿದ ನನಗೆ ಸಿಕ್ಕ ಏಕೈಕ ಬಿರುದು ಅದು.

ಅಕ್ಕೋರು ಪಾಠಕ್ಕೆ ಉದಾಹರಣೆಗಳನ್ನು ಪುಸ್ತಕದಿಂದ ತರುತ್ತಿರಲಿಲ್ಲ. ಪುಟದ ಮೇಲಿರುವ ಹೆಸರುಗಳನ್ನೆಲ್ಲ ಕೊಡು ಎಂದು ಕಂಪ್ಯೂಟರನ್ನು ಕೇಳಿದರೆ ಅದು ಒಂದು ಸಾಲು ಕೊಡುತ್ತದೆ. ಆ ಸಾಲಿಗೆ ಉದ್ದವಿದೆ, ಪ್ರತಿಯೊಂದಕ್ಕೂ ಸಂಖ್ಯೆಯಿದೆ, ಸಂಖ್ಯೆ ಹೇಳಿ ಬೇಕಾದ್ದನ್ನು ಹೊರಗೆ ತೆಗೆಯಬಹುದು. ನೋಡಲು ಥೇಟ್ ಕಂಪ್ಯೂಟರಿನವರು ‘ಅರೇ’ (array) ಎನ್ನುವ ಪಟ್ಟಿ. ಆದರೆ ಅರೇ ಅಲ್ಲ. ಅರೇಯ ಹಾಗಿರುವ ಇನ್ನೊಂದು. ಈ ಭೇದ ನನಗೆ ಹತ್ತಲಿಲ್ಲ. ಅಕ್ಕೋರು ಶೇಂಗಾ ಕೆಳಗಿಟ್ಟರು.

“ಪೊಲೀಸ್ರು ಸಾಲಿಗೆ ನಿಂತಿರ್ತಾರ. ಎಣಿಸಬಹುದಲ್ಲ?”

“ಎಣಿಸಬಹುದ್ರಿ.”

“ಲಗ್ನದಾಗ ಊಟದ ಪಂಕ್ತಿ ಕುಂತಿರ್ತೈತಿ. ಅದನ್ನೂ ಎಣಿಸಬಹುದಲ್ಲ? ಐದನೇ ಎಲಿಗೆ ಹೋಳಿಗಿ ಹಾಕು ಅಂದ್ರ ಹಾಕಬಹುದಲ್ಲ?”

“ಹಾಕಬಹುದು.”

“ಪೊಲೀಸ್ರಿಗೆ ‘ಬಲಕ್ಕೆ ತಿರುಗು’ ಅಂದ್ರ ತಿರುಗ್ತಾರ. ಪಂಕ್ತಿಗೆ ಅಂದು ನೋಡ್ರಿ.”

ಹುಡುಗಿಯರು ನಕ್ಕರು. ಅರೇ ಎಂದರೆ ಪೊಲೀಸರ ಸಾಲು. ಆಜ್ಞೆ ಕೊಟ್ಟರೆ ತಿರುಗುತ್ತದೆ, ಉಲ್ಟಾ ನಿಲ್ಲುತ್ತದೆ. ಪುಟ ಕೊಡುವ ಸಾಲು ಊಟದ ಪಂಕ್ತಿ. ಸಂಖ್ಯೆಯಿಂದ ಕರೆದರೆ ಓಗೊಡುತ್ತದೆ, ಬೇರೆ ಆಜ್ಞೆ ಕೇಳುವುದಿಲ್ಲ. ಅಲ್ಲಿಂದ ಒಬ್ಬರನ್ನು ಕರೆಯಲು ಎರಡು ದಾರಿ: ಚೌಕದ ಬ್ರಾಕೆಟ್ಟಿನಲ್ಲಿ ಸಂಖ್ಯೆ ಹಾಕುವುದು, ಇಲ್ಲವೇ ‘ಐಟಂ’ ಎಂಬ ಮಾತಿನಿಂದ ಕೇಳುವುದು. ಇಲ್ಲದ ಸಂಖ್ಯೆ ಕೇಳಿದಾಗ ಮಾತ್ರ ಎರಡರ ಬಣ್ಣ ತಿಳಿಯುತ್ತದೆ. “ಐಟಂ ಅನ್ನೋದು ಮರ್ಯಾದಸ್ಥರ ಮನಿ. ‘ಯಾರೂ ಇಲ್ರಿ’ ಅಂತ ಹೇಳಿ ಕಳಸ್ತೈತಿ. ಬ್ರಾಕೆಟ್ ಹಂಗಲ್ಲ. ‘ಯಾರ ಮನಿ ಕೇಳಾಕತ್ತೀರಿ, ನಮಗ ಗೊತ್ತೇ ಇಲ್ಲ’ ಅಂತೈತಿ.”

ಪಂಕ್ತಿಯ ಬಗ್ಗೆ ಇನ್ನೊಂದು ಮಾತನ್ನೂ ಅವರು ಅಂದೇ ಹೇಳಿದ್ದರು. ಕೆಲವು ಸಾಲುಗಳು ಪಂಕ್ತಿಯ ಫೋಟೋ ಇದ್ದ ಹಾಗೆ. ಊಟದವರು ಎದ್ದು ಹೋದರೂ ಫೋಟೋದಲ್ಲಿ ಕುಳಿತೇ ಇರುತ್ತಾರೆ. ಕೆಲವು ಜೀವಂತ ಪಂಕ್ತಿ. ಒಬ್ಬರು ಎದ್ದರೆ ಸಾಲು ತಕ್ಷಣ ಒಂದು ಕಡಿಮೆ, ಹಿಂದಿನವರೆಲ್ಲ ಒಂದೊಂದು ಎಲೆ ಮುಂದಕ್ಕೆ ಸರಿಯುತ್ತಾರೆ. ನಾನು ಇದನ್ನು ಅಂದವಾದ ಅಕ್ಷರದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ತಿಳಿದುಕೊಂಡದ್ದು ಎಂದು ಭಾವಿಸುವುದು ಮುದ್ರಕರ ಹಳೆಯ ಕಾಯಿಲೆ.

ಎರಡು ವರ್ಷದ ಹಿಂದಿನ ಮಾತು. ಕೂಡ್ಲಿಗಿ ಕಡೆಯ ಕುರಿಗಳಿಗೆ ಬಾಯಿಹುಣ್ಣಿನ ಬೇನೆ ಬಂದು ಮರಿಗಳು ಸಾಯತೊಡಗಿದ್ದವು. ನಮ್ಮ ಭಾಗದ ಕುರಿಗಾರರ ಸಂಘದವರು ಓಡಾಡಿ ಒಂದು ದಿನದ ಲಸಿಕೆ ಶಿಬಿರ ಗಟ್ಟಿ ಮಾಡಿದರು. ಐಸ್ ಪೆಟ್ಟಿಗೆಯಲ್ಲಿ ಲಸಿಕೆ ಬರುತ್ತದೆ, ಡಾಕ್ಟರು ಬರುತ್ತಾರೆ, ಒಂದೇ ದಿನ. ಮಾರನೆಯ ದಿನ ಹಿಂಡುಗಳೆಲ್ಲ ಹಿರೇಹಡಗಲಿ ಕಡೆಗೆ, ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕೂಡ್ರಿಸಲು ಹೊರಡುವುದಿತ್ತು. ಆ ದಿನ ತಪ್ಪಿದ ಹಿಂಡು ಬೇನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದಂತೆ.

ಕುರಿಗಾರರಿಗೆ ಫೋನಿನಲ್ಲಿ ಸುದ್ದಿ ಕಳಿಸುವ ಪುಟವನ್ನು ನಾನು ಮಾಡುತ್ತೇನೆಂದು ಮುಂದೆ ಬಂದೆ. ಪುಟದ ಮೇಲೆ ಐವತ್ಮೂರು ಹೆಸರು; ಪ್ರತಿ ಹೆಸರಿಗೂ ‘ಬಾಕಿ’ ಎಂಬ ಗುರುತು, ಕೆಂಪು ಬಣ್ಣ. ಗುಂಡಿ ಒತ್ತಿದರೆ ಪುಟವು ಬಾಕಿ ಇರುವವರ ಸಾಲು ತೆಗೆದುಕೊಂಡು, ಸೊನ್ನೆಯಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಸಂಖ್ಯೆಯಿಂದ ಕರೆದು, ಸುದ್ದಿ ಕಳಿಸಿ, ಬಾಕಿ ಗುರುತನ್ನು ಅಳಿಸಬೇಕು. ಕೊನೆಗೆ ‘ಎಲ್ಲರಿಗೂ ತಿಳಿಸಲಾಗಿದೆ’ ಎಂದು ದಪ್ಪಕ್ಷರದಲ್ಲಿ, ಅಂಚಿಗೆ ಬಳ್ಳಿಯೊಂದಿಗೆ ಬರಬೇಕು. ಬಳ್ಳಿ ನನ್ನ ಸ್ವಂತ ವಿನ್ಯಾಸ. ಅದರ ಪಕ್ಕ ಕೆಂಪು ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಪುಟದ ಅಚ್ಚುಕಟ್ಟಿಗಾಗಿ ಕೆಂಪನ್ನು ತೆಗೆದು ಎಲ್ಲ ಹೆಸರನ್ನೂ ಗಂಭೀರವಾದ ಕಪ್ಪು ಮಾಡಿದೆ. ಪರೀಕ್ಷೆಗೆಂದು ಒಂದೇ ಒಂದು ಹೆಸರು, ನನ್ನದೇ, ಹಾಕಿ ಒತ್ತಿ ನೋಡಿದೆ. ಸುದ್ದಿ ನನಗೆ ತಕ್ಷಣ ಮುಟ್ಟಿತು. ಆಮೇಲೆ ಐವತ್ಮೂರನ್ನೂ ಹಾಕಿ ಒತ್ತಿದೆ. ಬಳ್ಳಿ ಬಂತು.

“ಎಷ್ಟು ಉಳೀತು ಅಂತ ಕೇಳಿ ನೋಡಿದ್ರ್ಯಾ?” ಎಂದರು ಅಕ್ಕೋರು.

“ನೋಡಿದೆ ರೀ,” ಎಂದೆ. ನೋಡಿರಲಿಲ್ಲ.

ಶಿಬಿರದ ಹಿಂದಿನ ದಿನ ಬೆಳಿಗ್ಗೆ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಾಗಿಲಲ್ಲಿ ನಿಂತು ಆರೂ ಪರದೆಗಳನ್ನು ಸಂತೆಯಲ್ಲಿ ಕುರಿ ನೋಡುವ ಹಾಗೆ ಒಂದೊಂದಾಗಿ ನೋಡಿದಳು.

“ಕುರಿ ಸೂಜಿದು ಸುದ್ದಿ ಕಳಸೋರು ಯಾರಬೇ ಇಲ್ಲಿ?”

ಹುಡುಗಿಯರೆಲ್ಲ ನನ್ನ ಕಡೆ ಕೈ ತೋರಿದರು. ಇಂಥ ವಿಷಯದಲ್ಲಿ ಅವರಲ್ಲಿ ಒಗ್ಗಟ್ಟಿತ್ತು.

“ನಮ್ಮ ಬಾಜುದವಗ ಬಂದೈತಿ, ನಮಗ ಬಂದಿಲ್ಲ. ನಮ್ಮ ಆಚಿ ಹಟ್ಟಿಯವಗ ಬಂದೈತಿ, ಅವನ ಆಚಿಯವಗ ಇಲ್ಲ. ಯಾಕಪಾ? ಸಂಘದಾಗ ಯಾರಿಗೆ ನಮ್ಮ ಮ್ಯಾಲ ಸಿಟ್ಟು ಐತಿ ಹೇಳು. ಅವ್ರ ಅಂಗಳದಾಗ ಹೋಗಿ ಕುಂದರ್ತೀನಿ, ಕುರಿ ಸಮೇತ.”

“ಹಂಗಾಗಾಕ ಶಕ್ಯ ಇಲ್ಲಬೇ,” ಎಂದೆ. “ಪುಟದ ಮ್ಯಾಲ ಬಂದೈತಿ ನೋಡು, ಎಲ್ಲರಿಗೂ ತಿಳಿಸಲಾಗಿದೆ ಅಂತ.”

“ಬಂದೈತಿ,” ಎಂದರು ಅಕ್ಕೋರು ಹಿಂದಿನಿಂದ. “ಬರಂಗ ಬರದೋರು ನೀವು. ಉದ್ದ ಕೇಳ್ರಿ.”

ಬಾಕಿ ಇರುವವರ ಸಾಲಿನ ಉದ್ದ ಕೇಳಿದೆ. ಸೊನ್ನೆ ಬರಬೇಕಾದಲ್ಲಿ ಇಪ್ಪತ್ತಾರು ಬಂತು. ಇಪ್ಪತ್ತಾರು ಹೆಸರುಗಳು ನನ್ನ ಗಂಭೀರವಾದ ಕಪ್ಪು ಬಣ್ಣದ ಮರೆಯಲ್ಲಿ ಒಂದು ವಾರದಿಂದ ಸುಮ್ಮನೆ ಕುಳಿತಿದ್ದವು.

ಯಂತ್ರಕ್ಕೆ ಏನೋ ಆಗಿರಬೇಕೆಂದು ಒಂದು ಮಾತು ತೆಗೆದೆ. ಅಕ್ಕೋರು ಆರು ಹುಡುಗಿಯರನ್ನು ಬೆಂಚಿನ ಮೇಲೆ ಸಾಲಾಗಿ ಕೂಡಿಸಿ, ನನ್ನ ಕೈಗೆ ಶೇಂಗಾ ಕೊಟ್ಟರು.

“ಇದು ನಿಮ್ಮ ಬಾಕಿ ಪಂಕ್ತಿ. ಸೊನ್ನಿಯಿಂದ ಬಡಸಕೋತ ಬರ್ರಿ. ತಗಂಡೋರು ಎದ್ದು ಹೋಗ್ರಿ, ಉಳಿದೋರು ಮುಂದ ಸರೀರಿ.”

ಸೊನ್ನೆಯ ಜಾಗದವಳಿಗೆ ಕೊಟ್ಟೆ. ಅವಳು ಎದ್ದಳು. ಉಳಿದ ಐವರು ಒಂದೊಂದು ಜಾಗ ಮುಂದೆ ಸರಿದರು. ನಾನು ಒಂದನೇ ಜಾಗಕ್ಕೆ ಹೆಜ್ಜೆ ಇಟ್ಟು ಅಲ್ಲಿದ್ದವಳಿಗೆ ಕೊಟ್ಟೆ.

“ಕಾಕಾ, ನಾನು?” ಎಂದಳು, ಈಗ ಸೊನ್ನೆಯ ಜಾಗಕ್ಕೆ ಬಂದು ಕುಳಿತಿದ್ದ ಹುಡುಗಿ. ಅವಳು ಮೊದಲು ಒಂದನೆಯವಳು. ಅವಳು ಮುಂದೆ ಸರಿದಳು, ನಾನೂ ಮುಂದೆ ಹೋದೆ. ಇಬ್ಬರೂ ನಮ್ಮ ನಮ್ಮ ಕರ್ತವ್ಯ ಮಾಡಿದೆವು. ಅವಳಿಗೆ ಶೇಂಗಾ ಸಿಗಲಿಲ್ಲ. ಎರಡನೇ ಜಾಗಕ್ಕೆ ಬರುವ ಹೊತ್ತಿಗೆ ಇನ್ನೊಬ್ಬಳು ಹಾಗೆಯೇ ತಪ್ಪಿದಳು. ಕೊನೆಗೆ ಮೂವರು ಬರಿಗೈಯಲ್ಲಿ ಕುಳಿತಿದ್ದರು. ನಾನು ಕೇಳಿ ಪಡೆದದ್ದು ಜೀವಂತ ಪಂಕ್ತಿ. ಅದರಲ್ಲಿ ಬಾಕಿ ಗುರುತು ಅಳಿಸಿದ ಕೂಡಲೇ ಆ ಹೆಸರು ಎದ್ದು ಹೋಗಿ, ಸಾಲು ಸರಿದು, ಒಬ್ಬರು ಬಿಟ್ಟು ಒಬ್ಬರು ತಪ್ಪಿದ್ದರು.

ಮುದುಕಿ ಕೋಲಿಗೆ ಗದ್ದ ಊರಿ ಎಲ್ಲವನ್ನೂ ನೋಡುತ್ತಿದ್ದಳು. ಈಗ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

“ಅಯ್ಯ, ಇದಕ್ಕ ಇಷ್ಟು ಮಂದಿ ಬೇಕೇನು? ಬೇಲಿ ಓಣ್ಯಾಗ ಕುರಿ ಸಾಲಾಗಿ ನಿಂದರ್ಸಿ ಸೂಜಿ ಹಾಕೋವಾಗ ನಾವು ಮುಂದಿಂದು ಹಿಡಿಯಂಗಿಲ್ಲ. ಮುಂದಿಂದು ಬಿಟ್ರ ಹಿಂದಿನವು ನುಗ್ಗತಾವು, ಯಾವುದಕ್ಕ ಆತು ಯಾವುದಕ್ಕಿಲ್ಲ ತಿಳಿಯಂಗಿಲ್ಲ. ಬಾಲದಿಂದ ಹಿಡ್ಕೋತ ಬರಬೇಕು. ಹಿಂದಿಂದು ಹೋದ್ರ ಮುಂದಿಂದು ಯಾಕ ಅಲಗಾಡತೈತಿ?”

ಅಕ್ಕೋರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟರು. ಅದು ಅವರ ನಮಸ್ಕಾರದ ರೀತಿ. “ಇದನ್ನ ಹೇಳಾಕ ನನಗ ಒಂದು ತಾಸು ಬೇಕಾಗ್ತಿತ್ತು,” ಎಂದರು. ನಾನು ಕಂಡಂತೆ ಅವರು ಒಬ್ಬರನ್ನು ಹೊಗಳಿದ್ದು ಅದೊಂದೇ ಸಲ.

ಕೊನೆಯ ಸಂಖ್ಯೆಯಿಂದ ಶುರು ಮಾಡಿ ಸೊನ್ನೆಗೆ ಇಳಿಯುವಂತೆ ಪುಟವನ್ನು ತಿದ್ದಿದೆ. ಕೆಂಪು ಬಣ್ಣವನ್ನು ವಾಪಸ್ ತಂದೆ. ಬಾಕಿ ಸಾಲಿನ ಉದ್ದ ಸೊನ್ನೆ ಆದರೆ ಮಾತ್ರ ಬಳ್ಳಿಯ ಸಾಲು ಕಾಣಬೇಕೆಂದು ಅಕ್ಕೋರು ತಿದ್ದಿಸಿದರು. ಒತ್ತಿದೆ. ಇಪ್ಪತ್ತಾರು ಹೆಸರೂ ಕೆಳಗಿನಿಂದ ಮೇಲಕ್ಕೆ ಕಪ್ಪಾದವು. ಉದ್ದ ಸೊನ್ನೆ. ನಾನು ಚಪ್ಪಲಿಯ ಕಡೆ ನೋಡಿದೆ.

“ಸುದ್ದಿ ಹೋತು. ಮುಟ್ಟಿತೇನು?” ಎಂದರು ಅಕ್ಕೋರು. “ವಾರದ ಕೆಲಸ ಒಂದು ದಿನದಾಗ ಆಗಬೇಕು. ಅಡವ್ಯಾಗ ಇರೋರು ಅವರು. ಫೋನು ಚಾರ್ಜ್ ಇದ್ರ ಇತ್ತು, ಇಲ್ದಿದ್ರ ಇಲ್ಲ. ಹಚ್ರಿ ಫೋನು, ಒಬ್ಬೊಬ್ಬರಿಗೆ.”

ಮುದುಕಿ ಎದುರಿಗೇ ಇದ್ದಳು. ಉಳಿದ ಇಪ್ಪತ್ತೈದರಲ್ಲಿ ಹದಿನೆಂಟು ಜನ ಮಾತಿಗೆ ಸಿಕ್ಕರು. ಏಳು ಜನ ಸಿಗಲಿಲ್ಲ. ಆ ಏಳು ಹೆಸರುಗಳನ್ನು ಅಕ್ಕೋರು ಒಂದು ಚೀಟಿಯಲ್ಲಿ ಬರೆದುಕೊಂಡು, ಸ್ಕೂಟರಿನ ಕೀಲಿ ನನ್ನ ಕೈಗೆ ಕೊಟ್ಟು, ತಾವು ಹಿಂದೆ ಕುಳಿತರು. ಅವರ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಮಡಚದ ಕಾಲು ದಾರಿಯುದ್ದಕ್ಕೂ ಬಂದೂಕಿನ ಹಾಗೆ ಹೊರಗೆ ಚಾಚಿತ್ತು. ಎದುರಿನಿಂದ ಬಂದ ಟ್ರ್ಯಾಕ್ಟರುಗಳು ತಾವಾಗಿಯೇ ದಾರಿ ಬಿಟ್ಟವು.

ಮೊದಲನೇ ಹಟ್ಟಿಯಲ್ಲಿ ನಾನು ಮಾತು ಶುರು ಮಾಡಿದೆ: “ಕಂಪ್ಯೂಟರಿನ್ಯಾಗ ಹೆಸರು ಬಿಟ್ಟು ಹೋಗಿತ್ತು...”

ಬೆನ್ನಿಗೆ ಒಂದು ಬೆರಳು ತಿವಿಯಿತು. “ಹೋಗಿತ್ತು ಅನಬ್ಯಾಡ್ರಿ. ಬಿಟ್ಟೋರು ಯಾರು ಅದನ್ನ ಹೇಳ್ರಿ.”

“ನಿಮ್ಮನ್ನ ಬಿಟ್ಟವನು ನಾನು,” ಎಂದೆ.

ಕುರಿಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬಿಟ್ಟಿದ್ದೂ ಆತು, ಹುಡ್ಕಿ ಬಂದಿದ್ದೂ ಆತು. ಚಾ ಕುಡೀತಿ?”

ಎಲ್ಲರೂ ಅವನಷ್ಟು ಉದಾರಿಗಳಾಗಿರಲಿಲ್ಲ. ಮೂರನೆಯವನು ನಿನ್ನ ಕೈಗೆ ಕೆಲಸ ಕೊಟ್ಟವರ ತಲೆಗೆ ಮೊದಲು ಸೂಜಿ ಹಾಕಬೇಕು ಎಂದ. ಅಕ್ಕೋರು “ಖರೇ ಮಾತು” ಎಂದು ತಲೆಯಾಡಿಸಿ, “ನಾಳಿ ಹೊತ್ತೇರೋದ್ರಾಗ ಬಾ” ಎಂದರು. ಆರು ಕಡೆ ಆರು ಸಲ ಹೇಳಿದೆ. ಅಷ್ಟು ವರ್ಷ ಊರಿನ ಎಲ್ಲರ ಪರವಾಗಿ ‘ತಮ್ಮ ಆಗಮನಾಭಿಲಾಷಿ’ ಎಂದು ಅಚ್ಚು ಹಾಕಿದ ನಾನು, ನನ್ನದೇ ಪರವಾಗಿ ಇಷ್ಟು ಚಿಕ್ಕ ವಾಕ್ಯ ಹೇಳಲು ಅಷ್ಟು ಕಷ್ಟಪಟ್ಟೆ.

ಏಳನೆಯದು ಸಂಖ್ಯೆ ಐವತ್ತೊಂದು. ಹಗರಿಬೊಮ್ಮನಹಳ್ಳಿ ದಾಟಿ ತಂಬ್ರಹಳ್ಳಿಗೆ ಹೋದೆವು. ಹಟ್ಟಿ ಹಾಕಿದ್ದ ಜಾಗದಲ್ಲಿ ಹಿಕ್ಕೆ ಇತ್ತು, ಕುರಿ ಇರಲಿಲ್ಲ. ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಹೇಳಿದಳು: “ಮುಂಜಾನೇನೆ ಹೊಂಟ್ರು. ಹೊಳಿ ಕಡಿ ಹೋಗ್ಯಾರ. ಸಂಘದವ್ರು ನಮ್ಮನ್ನ ಕೈಬಿಟ್ರು ಅಂತ ಬೇಜಾರು ಮಾಡ್ಕೊಂಡು ಹೋದ ಪಾಪ.”

ಹೊಳೆಯ ದಾರಿಯಲ್ಲಿ ಕಣ್ಣು ಕಾಣುವವರೆಗೆ ಹುಡುಕಿದೆವು. ಹಿಂಡು ಕಾಣಲಿಲ್ಲ. ಬರುವಾಗ ಹಿಟ್ಟಿನ ಗಿರಣಿಯಲ್ಲಿ, ಚಾದಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಪಂಚರ್ ಹಾಕುವವನಲ್ಲಿ, ಎಲ್ಲ ಕಡೆ ಅಕ್ಕೋರು ಇಳಿದು, ಆ ಕಾಲು ಎಳೆದುಕೊಂಡು ಹೋಗಿ ಅದೇ ಮಾತು ಹೇಳಿದರು: “ಅವನ ಹೆಸರು ಐತಿ. ನಾವು ಕಾಯ್ತೀವಿ.”

ಮಾರನೆಯ ದಿನ ಐವತ್ತೆರಡು ಹಿಂಡುಗಳು ಬಂದವು. ಕುರಿಯ ಸದ್ದಿನಲ್ಲಿ ಡಾಕ್ಟರ ಮಾತು ಅವರಿಗೇ ಕೇಳುತ್ತಿರಲಿಲ್ಲ. ಮಧ್ಯಾಹ್ನ ದಾಟಿತು. ಡಾಕ್ಟರು ಕೈ ತೊಳೆದರು. ಪೆಟ್ಟಿಗೆ ಎತ್ತಿಡಿ ಎಂದು ತಮ್ಮ ಸಹಾಯಕರಿಗೆ ಹೇಳುವಷ್ಟರಲ್ಲಿ ಅಕ್ಕೋರು ಹೋಗಿ ಐಸ್ ಪೆಟ್ಟಿಗೆಯ ಮೇಲೆ ಕುಳಿತರು.

“ಮೇಡಂ, ಆಯ್ತಲ್ಲ. ನಾನು ಹರಪನಹಳ್ಳಿಗೆ ಹೋಗ್ಬೇಕು.”

“ಹೋಗ್ರಿ. ನಾ ಬ್ಯಾಡ ಅಂದೆನೇನು?”

“ಪೆಟ್ಟಿಗೆ ಬಿಟ್ಟು ಹೋಗಿ ಏನು ಮಾಡ್ಲಿ?”

“ಐವತ್ತೊಂದನೇದು ಬಿಟ್ಟು ಹೋಗಿ ಏನು ಮಾಡ್ತೀರಿ? ಕುಂದರ್ರಿ, ಶೇಂಗಾ ತಿನ್ರಿ.”

“ಅವರು ಬರಲ್ಲ ಬಿಡಿ. ಸುಮಾರು ಎಲ್ಲ ಆದಂಗೆ ಆಯ್ತು.”

ಪಾಪ, ಅವರಿಗೆ ಗೊತ್ತಿರಲಿಲ್ಲ. ಸುತ್ತ ನಿಂತಿದ್ದ ಅಕ್ಕೋರ ಹುಡುಗಿಯರು ಎರಡು ಹೆಜ್ಜೆ ಹಿಂದೆ ಸರಿದರು. ಸುಮಾರು ಎನ್ನುವುದು ಯಾವ ನಂಬರೆಂದು ಡಾಕ್ಟರು ಅಂದು ವಿವರವಾಗಿ ತಿಳಿದುಕೊಂಡರು. ತಿಳಿದುಕೊಂಡು ಬೇವಿನ ಮರದ ಕೆಳಗೆ ಕುಳಿತರು. ಶೇಂಗಾ ತಿಂದರು.

ಒಂದೂವರೆ ತಾಸು ಅಕ್ಕೋರು ಆ ಪೆಟ್ಟಿಗೆಯ ಮೇಲಿಂದ ಏಳಲಿಲ್ಲ. ಮೊಣಕಾಲಿಗೆ ತಣ್ಣಗಿನದು ಆಗದು ಎಂದು ನಾನೊಮ್ಮೆ ನೆನಪು ಮಾಡಿದೆ. ನೀವು ದಾರಿ ನೋಡ್ರಿ ಎಂದರು. ದಾರಿ ನೋಡಿದೆ. ಬಿಸಿಲಿನಲ್ಲಿ ದೂರಕ್ಕೆ ಧೂಳು ಎದ್ದಿತು. ಟ್ರ್ಯಾಕ್ಟರಿನದೋ ಏನೋ ಎಂದುಕೊಂಡೆ. ಧೂಳಿನ ಮುಂದೆ ಒಂದು ನಾಯಿ, ಅದರ ಹಿಂದೆ ಕುರಿ, ಕುರಿಯ ಹಿಂದೆ ಬೆವರಿಳಿಸುತ್ತ ಒಬ್ಬ ಗಂಡಸು.

“ಗಿರಣ್ಯಾಗ ಹೇಳಿದ್ರು,” ಎಂದ ಅವನು ಏದುಸಿರಿನಲ್ಲಿ. “ನನ್ನ ಹೆಸರು ಖರೇನ ಐತೇನ್ರಿ?”

“ಐತಿ. ಐವತ್ತೊಂದು,” ಎಂದರು ಅಕ್ಕೋರು.

ಯಾರೂ ಬೆನ್ನಿಗೆ ತಿವಿಯಲಿಲ್ಲ. ನಾನಾಗಿಯೇ ಮುಂದೆ ಹೋಗಿ ಹೇಳಿದೆ, ನಿನ್ನನ್ನು ಬಿಟ್ಟವನು ನಾನು ಎಂದು. ಅವನು ಮುಖ ಒರೆಸಿಕೊಂಡು ನನ್ನ ಬಿಳಿ ಅಂಗಿಯನ್ನು ನೋಡಿದ.

“ಹೌದಾ? ಹಂಗಾರ ಕುರಿ ಹಿಡಿ ಬಾ.”

ಹಿಡಿದೆ. ಬಾಲದಿಂದ. ಹಿಂದಿನ ದಿನದ ಮುದುಕಿ ಬೇಲಿಯ ಮೇಲೆ ಕೋಲು ಬಡಿಯುತ್ತ ಮೇಲ್ವಿಚಾರಣೆ ಮಾಡಿದಳು: “ಕಾಲು ಅಲ್ಲೋ ಮಾರಾಯ, ಕುತ್ತಿಗಿ ಹಿಡಿ! ಅಕ್ಷರ ಅಲ್ಲ ಅದು, ಒದೀತೈತಿ!” ಅಂಗಿ ಮತ್ತೆ ಬಿಳಿಯಾಗಲಿಲ್ಲ. ಕೊನೆಯ ಕುರಿ ಓಣಿಯಿಂದ ಹೊರಗೆ ಜಿಗಿದಾಗ ಅಕ್ಕೋರು ಪೆಟ್ಟಿಗೆಯ ಮೇಲಿಂದಲೇ ಕೇಳಿದರು.

“ಎಷ್ಟು ಉಳೀತು?”

“ಸೊನ್ನಿರಿ,” ಎಂದೆ.

ಆಗ ಎದ್ದರು. ಎಬ್ಬಿಸಲು ಇಬ್ಬರು ಬೇಕಾದರು. ಅಂದಿನಿಂದ ಆ ಕಾಲು ಮೊದಲಿನ ಸ್ಥಿತಿಗೂ ಬರಲಿಲ್ಲ. ಮಾಳಿಗೆಯ ಮೆಟ್ಟಿಲನ್ನು ಮಾತ್ರ ದಿನಾ ಹತ್ತಿದರು. ಹತ್ತುವಾಗ ಎಣಿಸುತ್ತಿದ್ದರು, ನೆಲದಿಂದ.

ಈಗ ಅವರ ಶಿಷ್ಯರ ಪಟ್ಟಿ ನನ್ನೆದುರಿಗಿದೆ. ಕುರಿಗಾರರಿಗೆ ಮಾಡಿದ ಅದೇ ಪುಟ, ಹೆಸರುಗಳಷ್ಟೇ ಬೇರೆ. ಒಟ್ಟು ನೂರ ಎಂಬತ್ತೆರಡು. ಕೊನೆಯ ಸಂಖ್ಯೆ ನೂರ ಎಂಬತ್ತೊಂದು. ಈ ಸಲ ಗುಂಡಿ ಒತ್ತಿ ಸುಮ್ಮನಾಗಲಿಲ್ಲ. ಒಬ್ಬೊಬ್ಬರಿಗೂ ಫೋನು ಹಚ್ಚಿ, ಬಾಯಿಂದ ಹೇಳಿ, ಆಮೇಲೆ ಅವರ ಹೆಸರಿನ ಬಾಕಿ ಗುರುತನ್ನು ಅಳಿಸಿದೆ. ಬಾಲದಿಂದ ಶುರು ಮಾಡಿದೆ. ಕೆಲವರು ಅತ್ತರು. ಒಬ್ಬನ ಫೋನು ನಾಲ್ಕು ದಿನ ಹತ್ತಲಿಲ್ಲ. ಹೊಳಲಿಗೆ ಬಸ್ಸು ಹತ್ತಿ ಹೋಗಿ ಮನೆಯ ಕದ ತಟ್ಟಿ ಹೇಳಿ ಬಂದೆ. ಬೆಂಚಿನ ಮೇಲೆ ಶೇಂಗಾ ಸಿಗದೆ ‘ಕಾಕಾ, ನಾನು?’ ಎಂದಿದ್ದ ಆ ಹುಡುಗಿ ಈಗ ಹಗರಿಬೊಮ್ಮನಹಳ್ಳಿಯಲ್ಲಿ ತನ್ನದೇ ಕ್ಲಾಸು ನಡೆಸುತ್ತಾಳೆ. ಪಾಠ ನಿಲ್ಲಿಸಿ ಎಂದು ತನ್ನ ಹುಡುಗರಿಗೆ ಹೇಳಿದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಕೇಳಿದಳು:

“ಕಾಕಾ, ಎಷ್ಟು ಉಳೀತು?”

“ಇನ್ನಾ ಐತವ್ವ,” ಎಂದೆ.

ನಿನ್ನೆ ಸಂಖ್ಯೆ ಒಂದಕ್ಕೆ ಹೇಳಿದೆ. ಪುಟವೆಲ್ಲ ಕಪ್ಪಾಗಿದೆ. ಆದರೂ ಬಳ್ಳಿಯ ಸಾಲು ಕಾಣುತ್ತಿಲ್ಲ. ಉದ್ದ ಕೇಳಿದೆ, ಒಂದು ಎಂದಿತು. ಮೇಲಕ್ಕೆ ಹೋಗಿ ನೋಡಿದರೆ ತುತ್ತತುದಿಯಲ್ಲಿ ಒಂದು ಹೆಸರು ಕೆಂಪಗೆ ಕುಳಿತಿದೆ, ಮುಂದೆ ದುಂಡಗಿನ ಸೊನ್ನೆ. ಬಾಲದಿಂದ ಹಿಡಿದು ಬಂದರೆ ಕೊನೆಗೆ ಉಳಿಯುವವನು ಇವನೇ ಎಂಬುದು ಮೊದಲೇ ಹೊಳೆಯಬೇಕಿತ್ತು. ಕಾರ್ಡು ಅಚ್ಚು ಹಾಕಿದೆ, ನೂರ ಎಂಬತ್ತೊಂದು ಜನಕ್ಕೆ ಬಾಯಾರೆ ಹೇಳಿದೆ. ಇವನೊಬ್ಬನಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೇ ಇಷ್ಟೆಲ್ಲ ಬರೆದೆ. ಸೊನ್ನಿ ಕಾಕಾ, ಅಕ್ಕೋರು ತೀರಿಕೊಂಡ್ರು.

ಗುರುತು ಅಳಿಸಿದೆ. ಬಳ್ಳಿ ಬಂತು.